ಮಣ್ಣು ತುಳಿಯುವ ಲೆಕ್ಕ

ಮಲೆನಾಡಿನಲ್ಲಿ ಹಳೆಯ ಮನೆಯೊಂದನ್ನು ಬಿಚ್ಚುತ್ತಿದ್ದರು. ಹೆಂಚು ಇಳಿದಿತ್ತು, ತೊಲೆ ಜಂತೆಗಳೆಲ್ಲ ಅಂಗಳಕ್ಕೆ ಬಂದಿದ್ದವು, ಗೋಡೆಗಳು ಮಾತ್ರ ನಿಂತಿದ್ದವು. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ಇಬ್ಬರು ಆಳುಗಳು ಹಾರೆ ಹಿಡಿದು ಬೆಳಗಿನಿಂದ ಬೆವರು ಸುರಿಸಿದ್ದರೂ ಒಂದು ಮೂಲೆಯಷ್ಟೇ ಕಳಚಿತ್ತು. ಬಿದ್ದ ಹೆಂಟೆಗಳಲ್ಲಿ ತೆಂಗಿನಕಾಯಿ ಗಾತ್ರದ ಒಂದನ್ನು ಮನೆಗೆ ತಂದೆ. ಮೂರು ತಲೆಮಾರಿನ ಜನ ಬೆನ್ನು ಆನಿಸಿ ಕೂತಿದ್ದ ಗೋಡೆಯ ತುಂಡು ಅದು.

ಸಂಜೆ ಅದರಿಂದ ನಿಂಬೆಹಣ್ಣಿನಷ್ಟು ಮುರಿದು ನೀರು ತುಂಬಿದ ಗಾಜಿನ ಲೋಟಕ್ಕೆ ಬಿಟ್ಟೆ. ಮೊದಲು ಸಣ್ಣ ಗುಳ್ಳೆಗಳು ಸರಸರನೆ ಎದ್ದವು. ಕಿವಿ ಹತ್ತಿರ ತಂದರೆ ಚಿಟಿಚಿಟಿ ಸದ್ದು. ಅಂಚುಗಳು ಹೊಟ್ಟಿನ ಹಾಗೆ ಉದುರತೊಡಗಿದವು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಲೋಟದ ತಳದಲ್ಲಿ ಕೆಸರಿನ ಗುಡ್ಡೆ, ಮೇಲೆ ತೇಲುವ ನಾಲ್ಕೈದು ಹುಲ್ಲೆಳೆ. ಹಾರೆಗೆ ಬಗ್ಗದ್ದು ಲೋಟದ ನೀರಿಗೆ ಬಗ್ಗಿತ್ತು.

ನೀರು ಹಾಕಿ ಕಲಸಿ ಕಟ್ಟಿದ ಗೋಡೆಯನ್ನು ನೀರೇ ಬಿಚ್ಚುತ್ತದೆ. ಹಾಗಾದರೆ ಇಷ್ಟು ವರ್ಷ ಅದನ್ನು ಹಿಡಿದಿಟ್ಟಿದ್ದು ಯಾವುದು? ಇದರ ಜೊತೆಗೇ ಇನ್ನೊಂದು ಪ್ರಶ್ನೆ ಇದೆ, ಮಣ್ಣಿನ ಮನೆ ಕಟ್ಟುವುದನ್ನು ನೋಡಿದ ಎಲ್ಲರ ಮನಸ್ಸಿನಲ್ಲೂ ಹಾದುಹೋಗಿರುವಂಥದ್ದು. ಮಣ್ಣನ್ನು ಅಷ್ಟು ಹೊತ್ತು ತುಳಿಯುವುದೇಕೆ? ಇನ್ನೆರಡು ಕೊಡ ನೀರು ಸುರಿದರೆ ತಾನಾಗಿಯೇ ಬೆರೆಯುವುದಿಲ್ಲವೇ? ನನ್ನ ಅನುಭವದಲ್ಲಿ ಎರಡನೆಯ ಪ್ರಶ್ನೆಯ ಬೆನ್ನು ಹತ್ತಿದರೆ ಮೊದಲನೆಯದಕ್ಕೂ ಉತ್ತರ ಸಿಗುತ್ತದೆ.

ಹಲಗೆ ಕಟ್ಟದೆ, ಇಟ್ಟಿಗೆ ಹುಯ್ಯದೆ, ತುಳಿದ ಹಸಿ ಮಣ್ಣನ್ನು ಉಂಡೆ ಉಂಡೆಯಾಗಿ ಪೇರಿಸಿ ಎಬ್ಬಿಸುವ ಈ ಗೋಡೆಗೆ ಇಂಗ್ಲೆಂಡಿನ ಡೆವನ್ ಸೀಮೆಯಲ್ಲಿ ಕಾಬ್ ಎಂದು ಹೆಸರು. ಸರ್ ವಾಲ್ಟರ್ ರಾಲೆ ಹುಟ್ಟಿದ ಹೇಸ್ ಬಾರ್ಟನ್ ಮನೆಯ ಗೋಡೆಗಳೂ ಈ ಬಗೆಯವೇ. ನಮ್ಮಲ್ಲಿ ಮಲೆನಾಡು, ಕರಾವಳಿ, ಬಯಲುಸೀಮೆ ಎಲ್ಲೆಡೆಯೂ ಇದನ್ನೇ ಬರಿದೇ ಮಣ್ಣಿನ ಗೋಡೆ ಎಂದರು. ಈ ಅಧ್ಯಾಯದ ಮಟ್ಟಿಗೆ ಕಲಸಿದ ಆ ಮಣ್ಣನ್ನು ‘ತುಳಿಮಣ್ಣು’ ಎಂದು ಕರೆಯೋಣ. ತುಳಿತವೇ ಅದರ ಜೀವ.

ಗುಡ್ಡದಂಥ ಮರಳು, ಹಪ್ಪಳದಂಥ ಜೇಡಿ

ಹಿತ್ತಿಲಿನ ಒಂದು ಹಿಡಿ ಮಣ್ಣನ್ನು ಬಾಟಲಿಯ ನೀರಿಗೆ ಹಾಕಿ ಚೆನ್ನಾಗಿ ಕುಲುಕಿ ಇಡಿ. ಮರಳು ಒಂದು ನಿಮಿಷದೊಳಗೆ ತಳ ಸೇರುತ್ತದೆ. ಅದರ ಮೇಲೆ ಗೋದಿಹಿಟ್ಟಿನಷ್ಟು ನುಣುಪಾದ ಹೂಳು ಕೂರಲು ಗಂಟೆಗಳು ಬೇಕು. ಕೊನೆಗೂ ಕೂರದೆ ನೀರನ್ನು ದಿನಗಟ್ಟಲೆ ಕದಡಿಯೇ ಇಡುವುದು ಜೇಡಿ. ಗೋಡೆಗೆ ಒಳ್ಳೆಯ ಮಣ್ಣೆಂದರೆ ಅದರಲ್ಲಿ ಹೆಚ್ಚು ಪಾಲು ಮರಳು, ಗರಸು ಇರಬೇಕು, ಜೇಡಿ ನೂರಕ್ಕೆ 15ರಿಂದ 20ರಷ್ಟಿದ್ದರೆ ಸಾಕು. ಭಾರ ಹೊರುವುದು ಮರಳು. ಜೇಡಿಯದು ಹಿಡಿದಿಡುವ ಕೆಲಸ.

ಜೇಡಿಯ ಒಂದು ಕಣ ಮಿಲಿಮೀಟರಿನ ಐನೂರನೇ ಒಂದು ಪಾಲಿಗಿಂತ ಚಿಕ್ಕದು, ಆಕಾರದಲ್ಲಿ ಚಪ್ಪಟೆ. ಅದನ್ನು ಒಂದು ಹಪ್ಪಳದಷ್ಟಕ್ಕೆ ಹಿಗ್ಗಿಸಿದೆವು ಎಂದುಕೊಳ್ಳಿ. ಆಗ ಒಂದು ಮಿಲಿಮೀಟರಿನ ಮರಳು ಕಾಳು ಇಪ್ಪತ್ತು ಅಂತಸ್ತಿನ ಕಟ್ಟಡಕ್ಕಿಂತ ಎತ್ತರ ನಿಲ್ಲುತ್ತದೆ. ಗುಡ್ಡಗಳ ಸಂದಿಯಲ್ಲಿ ತುಂಬಿದ ಹಪ್ಪಳದ ಅಟ್ಟಿಗಳು, ತುಳಿಮಣ್ಣಿನ ಒಳಗಿನ ನೋಟ ಇದು.

ಎರಡು ಗಾಜಿನ ಹಾಳೆಗಳ ನಡುವೆ ಒಂದು ಹನಿ ನೀರು ಬಿಟ್ಟು ಒತ್ತಿ ನೋಡಿ. ಒಂದರ ಮೇಲೊಂದು ಸಲೀಸಾಗಿ ಜಾರುತ್ತವೆ, ನೇರವಾಗಿ ಎಳೆದರೆ ಮಾತ್ರ ಬಿಡುವುದಿಲ್ಲ. ಜೇಡಿಯ ಚಕ್ಕೆಗಳ ನಡುವೆ ಇರುವುದೂ ಇಂಥದೇ ನೀರಿನ ಪರೆ. ಹಸಿ ಮಣ್ಣು ಕೈಗೆ ಬಂದ ಆಕಾರಕ್ಕೆ ಬಗ್ಗುವುದು ಆ ಜಾರಿಕೆಯಿಂದ. ಒಣಗುತ್ತ ಬಂದಂತೆ ಪರೆ ತೆಳುವಾಗಿ, ತನ್ನ ಎರಡೂ ಬದಿಯ ಚಕ್ಕೆಗಳನ್ನು ಹತ್ತಿರ ಎಳೆದುಕೊಳ್ಳುತ್ತದೆ. ತೀರ ಹತ್ತಿರ ಬಂದ ಮೇಲೆ ಚಕ್ಕೆಗಳು ತಮ್ಮ ಸೆಳೆತದಿಂದಲೂ ಕಚ್ಚಿಕೊಳ್ಳುತ್ತವೆ. ಒಣಗಿತು ಎಂದು ನಾವು ಅಂದುಕೊಂಡ ಗೋಡೆಯಲ್ಲೂ ತೂಕದ ನೂರಕ್ಕೆ ಒಂದೆರಡು ಪಾಲು ನೀರು ಉಳಿದೇ ಇರುತ್ತದೆ, ಕಾಳು ಕಾಳಿನ ನಡುವಿನ ಸಣ್ಣ ಸೇತುವೆಗಳಾಗಿ. ಮೂರು ತಲೆಮಾರು ಆ ಗೋಡೆಯನ್ನು ಹಿಡಿದಿಟ್ಟಿದ್ದು ಇವೇ.

ನೀರೇ ಬಿರುಕು ತರುತ್ತದೆ

ಕಡಲ ದಂಡೆಯಲ್ಲಿ ಆಡುವ ಮಕ್ಕಳಿಗೆ ಇದರ ಅರ್ಧ ಗೊತ್ತು. ಒಣ ಮರಳಿನಲ್ಲಿ ಗೋಪುರ ನಿಲ್ಲದು, ತುಸು ಒದ್ದೆಯಾದರೆ ನಿಲ್ಲುತ್ತದೆ, ನೀರು ಜಾಸ್ತಿಯಾದರೆ ಮತ್ತೆ ಕುಸಿಯುತ್ತದೆ. ಆಮ್‌ಸ್ಟರ್‌ಡಾಮ್ ವಿಶ್ವವಿದ್ಯಾಲಯದ ಡೇನಿಯಲ್ ಬಾನ್ ಮತ್ತು ಸಂಗಡಿಗರು 2012ರಲ್ಲಿ ಇದನ್ನು ಅಳೆದೇ ನೋಡಿದರು. ಮರಳು ಅತಿ ಗಟ್ಟಿಯಾಗಿ ನಿಲ್ಲುವುದು ಗಾತ್ರದ ನೂರಕ್ಕೆ ಒಂದೇ ಪಾಲು ನೀರು ಇದ್ದಾಗ. ಸೇತುವೆ ಕಟ್ಟಲು ಅಷ್ಟು ಸಾಕು. ಅದಕ್ಕಿಂತ ಹೆಚ್ಚಾದರೆ ಸೇತುವೆಗಳು ಒಂದಕ್ಕೊಂದು ಕೂಡಿ ಕೆರೆಯಾಗುತ್ತವೆ, ಕೆರೆಗೆ ಎಳೆಯುವ ಬಲವಿಲ್ಲ.

ಜೇಡಿ ಸೇರಿದ ಮಣ್ಣಿಗೆ ಇನ್ನೂ ಹೆಚ್ಚು ನೀರು ಬೇಕೇ ಬೇಕು, ಇಲ್ಲದಿದ್ದರೆ ಚಕ್ಕೆಗಳು ಜಾರವು. ತುಳಿಯುವ ಹೊತ್ತಿಗೆ ಒಣ ಮಣ್ಣಿನ ತೂಕದ ಐದನೇ ಒಂದು ಪಾಲಿನ ಆಸುಪಾಸು ನೀರಿರುತ್ತದೆ. ಒಂದು ಘನ ಮೀಟರ್ ಗೋಡೆಯಿಂದ ಸುಮಾರು 300 ಲೀಟರ್ ನೀರು ಗಾಳಿಗೆ ಹೋಗಬೇಕು. ಹಾಗೆ ಹೋದ ನೀರಿನ ಜಾಗದಲ್ಲಿ ಚಕ್ಕೆಗಳು ಹತ್ತಿರ ಸರಿಯುವುದರಿಂದ ಗೋಡೆ ಕುಗ್ಗುತ್ತದೆ. ಎಲ್ಲ ಕಡೆಯೂ ಒಂದೇ ಸಮ ಕುಗ್ಗಲು ಆಗದಿದ್ದಾಗ ಬಿರಿಯುತ್ತದೆ.

ನಾನು ಮೊದಲ ಸಲ ಹಿತ್ತಿಲಲ್ಲಿ ಮಣ್ಣಿನ ಕಟ್ಟೆ ಕಟ್ಟಿದಾಗ ಎರಡು ಕೊಡ ನೀರು ಹೆಚ್ಚಿಗೆ ಹಾಕಿದ್ದೆ. ಅರ್ಧ ಗಂಟೆಯಲ್ಲಿ ಮಣ್ಣು ಬೆರೆತು ನುಣ್ಣಗಾಯಿತು, ಕಾಲು ನೋಯಲಿಲ್ಲ, ಕಟ್ಟೆಯೂ ಚೆಂದ ಕಂಡಿತು. ಎಂಟನೆಯ ದಿನ ನಡುವೆ ಒಂದು ಗೆರೆ ಮೂಡಿತು. ಹನ್ನೆರಡನೆಯ ದಿನಕ್ಕೆ ಅದರೊಳಗೆ ಎರಡು ಬೆರಳು ತೂರುತ್ತಿತ್ತು. ತುಳಿತ ಉಳಿಸಿಕೊಳ್ಳಲು ಸುರಿದ ನೀರು ಹೊರಟುಹೋಗುವಾಗ ಅಷ್ಟು ಅಗಲದ ಜಾಗವನ್ನು ಖಾಲಿ ಬಿಟ್ಟುಹೋಗಿತ್ತು.

ಎಲ್ಲ ಜೇಡಿಯೂ ಒಂದೇ ಅಲ್ಲ ಎಂಬುದನ್ನು ಇಲ್ಲೇ ಹೇಳಬೇಕು. ನಮ್ಮ ಕೆಂಪು ಮಣ್ಣಿನಲ್ಲಿ ಹೆಚ್ಚಾಗಿರುವ ಕೆಯೊಲಿನೈಟ್ ಜೇಡಿಯ ಪದರಗಳು ಬಿಗಿಯಾಗಿ ಅಂಟಿಕೊಂಡಿವೆ, ಒಳಕ್ಕೆ ನೀರು ನುಗ್ಗದು. ಒಂದು ಗ್ರಾಂ ಕೆಯೊಲಿನೈಟಿನ ಮೈಯನ್ನೆಲ್ಲ ಬಿಡಿಸಿ ಹಾಸಿದರೆ ಒಂದು ಕೋಣೆಯ ನೆಲದಷ್ಟಾಗುತ್ತದೆ. ಎರೆ ಮಣ್ಣಿನ ಮಾಂಟ್‌ಮೊರಿಲೊನೈಟಿನಲ್ಲಿ ನೀರು ಪದರ ಪದರದ ನಡುವೆಯೂ ಹೊಕ್ಕುತ್ತದೆ. ಅದರ ಒಂದು ಗ್ರಾಮಿನ ಮೈ 800 ಚದರ ಮೀಟರಿನವರೆಗೆ ಹೋಗಬಲ್ಲದು, ಅಂದರೆ ಆರು ಕಬಡ್ಡಿ ಅಂಕಣ. ಅಷ್ಟು ಮೈಗೂ ನೀರು ಸವರಬೇಕು, ಅಷ್ಟೂ ನೀರು ಆಮೇಲೆ ಹೋಗಬೇಕು. ಬೇಸಿಗೆಯಲ್ಲಿ ಎರೆ ಹೊಲ ಬಾಯಿ ಬಿಡುವುದನ್ನು ಕಂಡವರು ಆ ಮಣ್ಣಿಗೆ ಮರಳು ಬೆರೆಸದೆ ಗೋಡೆ ಇಡುವ ಧೈರ್ಯ ಮಾಡರು.

ಹೀಗಾಗಿ ಮಣ್ಣು ಕಲಸುವವರ ಮುಂದಿರುವ ಸಮಸ್ಯೆ ಇದು: ಪ್ರತಿಯೊಂದು ಮರಳು ಕಾಳಿಗೂ ಜೇಡಿ ಹತ್ತಬೇಕು, ಅದಕ್ಕೆ ಬಳಸುವ ನೀರು ಆದಷ್ಟು ಕಡಿಮೆ ಇರಬೇಕು.

ಮುದ್ದೆಯ ಗಂಟು

ಮುದ್ದೆ ತೊಳಸಿದವರಿಗೆ ಗಂಟು ಎಂದರೇನು ಎಂದು ಹೇಳಬೇಕಿಲ್ಲ. ಹಿಟ್ಟಿನ ಹೊರಮೈ ನೀರು ಕುಡಿದು ಅಂಟಾಗುತ್ತದೆ, ಆ ಅಂಟೇ ಒಳಗಿನ ಒಣ ಹಿಟ್ಟಿಗೆ ಕವಚವಾಗುತ್ತದೆ. ಜೇಡಿಯ ಹೆಂಟೆಯೂ ಹೀಗೆಯೇ ಮೊಂಡು ಹಿಡಿಯುತ್ತದೆ. ಗಂಟು ಉಳಿದ ತುಳಿಮಣ್ಣಿನಲ್ಲಿ ಒಂದು ಕಡೆ ಬರೀ ಜೇಡಿ, ಇನ್ನೊಂದು ಕಡೆ ಅಂಟಿಲ್ಲದ ಮರಳು. ಮೊದಲನೆಯದು ಬಿರಿಯುತ್ತದೆ, ಎರಡನೆಯದು ಉದುರುತ್ತದೆ.

ಗಂಟು ಒಡೆಯುವ ಉಪಾಯ ಮೊದಲಿನ ಲೋಟದಲ್ಲೇ ಇತ್ತು. ಬೇಕಾದರೆ ನೀವೇ ಮಾಡಿ ನೋಡಿ. ಒಂದೇ ಜೇಡಿಮಣ್ಣಿನ ಎರಡು ಉಂಡೆ ತೆಗೆದುಕೊಂಡು ಒಂದನ್ನು ಬಿಸಿಲಲ್ಲಿ ಕಟಕಟ ಒಣಗಿಸಿ, ಇನ್ನೊಂದನ್ನು ಹಸಿಯಾಗಿಯೇ ಇಡಿ. ಎರಡನ್ನೂ ನೀರಿಗೆ ಬಿಡಿ. ಮೊದಲು ಕರಗುವುದು ಯಾವುದು? ಹಸಿಯದು ಎಂದು ಮನಸ್ಸು ಹೇಳುತ್ತದೆ. ಒಣಗಿದ ಉಂಡೆ ನಿಮಿಷಗಳಲ್ಲಿ ಪುಡಿಯಾಗಿ ಬೀಳುತ್ತದೆ, ಹಸಿ ಉಂಡೆ ಮರುದಿನವೂ ಹಾಗೇ ಕೂತಿರುತ್ತದೆ.

ಒಣ ಉಂಡೆಯ ಸಣ್ಣ ರಂಧ್ರಗಳಲ್ಲಿರುವುದು ಗಾಳಿ. ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಆ ರಂಧ್ರಗಳು ಎಲ್ಲ ದಿಕ್ಕಿನಿಂದಲೂ ನೀರನ್ನು ಹೀರುತ್ತವೆ. ನಡುವೆ ಸಿಕ್ಕಿಕೊಂಡ ಗಾಳಿಗೆ ಹೊರಬರಲು ದಾರಿಯಿಲ್ಲದೆ, ಒತ್ತಡ ಏರಿ ಉಂಡೆಯನ್ನು ಒಳಗಿನಿಂದಲೇ ಒಡೆಯುತ್ತದೆ. ನನ್ನ ಲೋಟದ ಗುಳ್ಳೆ, ಚಿಟಿಚಿಟಿ ಸದ್ದು ಎರಡೂ ಅದರದೇ. ಹಸಿ ಉಂಡೆಯ ರಂಧ್ರಗಳಲ್ಲಿ ನೀರು ಆಗಲೇ ತುಂಬಿದೆ, ಹೀರುವ ಆತುರ ಅದಕ್ಕಿಲ್ಲ.

ಅಗೆದ ಮಣ್ಣನ್ನು ಬಿಸಿಲಿಗೆ ಹರಡಿ, ಆಮೇಲೆ ಗುಂಡಿಗೆ ಹಾಕಿ ನೀರು ಬಿಟ್ಟು, ರಾತ್ರಿಯಿಡೀ ಅಥವಾ ಕೆಲವು ದಿನ ಕೊಳೆಹಾಕುವ ರೂಢಿ ಹುಟ್ಟಿದ್ದು ಹೀಗೆ. ಕಾಲಿನ ಕೆಲಸದಲ್ಲಿ ಅರ್ಧದಷ್ಟನ್ನು ಈ ನೆನೆತವೇ ಮಾಡಿಕೊಡುತ್ತದೆ, ಒಂದು ಹನಿ ಹೆಚ್ಚುವರಿ ನೀರು ಕೇಳದೆ. ಜಪಾನಿನ ಗೋಡೆ ಮೆತ್ತುವ ಕಸುಬಿನವರು ಮಣ್ಣಿಗೆ ಭತ್ತದ ಹುಲ್ಲು ಸೇರಿಸಿ ತಿಂಗಳುಗಟ್ಟಲೆ ಕೊಳೆಯಲು ಬಿಡುತ್ತಾರೆ. ಹುಲ್ಲು ತಿನ್ನುವ ಸೂಕ್ಷ್ಮಜೀವಿಗಳು ಬಿಡುವ ಲೋಳೆಯೂ ಅಂಟಿಗೆ ಸೇರುತ್ತದೆ.

ಹಾಲು ಬೆರೆಯುವ ಬಗೆ, ಬೆಲ್ಲ ಬೆರೆಯುವ ಬಗೆ

ಕಾಫಿ ಡಿಕಾಕ್ಷನ್‌ಗೆ ಹಾಲು ಹಾಕಿ ಚಮಚವನ್ನು ಒಂದೇ ಸುತ್ತು ತಿರುಗಿಸಿದರೂ ಸಾಕು. ನಾವು ಕೈ ತೆಗೆದ ಮೇಲೂ ಒಳಗೆ ಸುಳಿಗಳು ಸುತ್ತುತ್ತಲೇ ಇರುತ್ತವೆ, ಸುಳಿಯೊಳಗೆ ಇನ್ನೂ ಸಣ್ಣ ಸುಳಿ ಹುಟ್ಟಿ ಬೆರೆಸುವ ಕೆಲಸ ಮುಗಿಸುತ್ತವೆ. ಅದೇ ಚಮಚವನ್ನು ಜೋನಿಬೆಲ್ಲದಲ್ಲಿ ಆಡಿಸಿ. ಚಮಚ ನಿಂತ ಕ್ಷಣ ಬೆಲ್ಲವೂ ನಿಲ್ಲುತ್ತದೆ. ಮಂದವಾದದ್ದರಲ್ಲಿ ಸುಳಿ ಏಳುವುದಿಲ್ಲ.

ಕೇಂಬ್ರಿಜ್‌ನ ವಿಜ್ಞಾನಿ ಜೆಫ್ರಿ ಇಂಗ್ರಾಂ ಟೇಲರ್ 1960ರ ದಶಕದಲ್ಲಿ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದರು. ಒಂದರೊಳಗೊಂದು ಇಟ್ಟ ಎರಡು ಉರುಳೆಗಳ ನಡುವೆ ಗ್ಲಿಸರಿನ್ ತುಂಬಿ ಒಂದು ತೊಟ್ಟು ಬಣ್ಣ ಬಿಟ್ಟರು. ಒಳಗಿನ ಉರುಳೆಯನ್ನು ಕೆಲವು ಸುತ್ತು ತಿರುಗಿಸಿದಾಗ ಬಣ್ಣ ಎಳೆದುಕೊಂಡು ಹೋಗಿ ಕಾಣದಾಯಿತು. ಅಷ್ಟೇ ಸುತ್ತು ಹಿಂದಕ್ಕೆ ತಿರುಗಿಸಿದಾಗ ಆ ತೊಟ್ಟು ಮತ್ತೆ ತನ್ನ ಜಾಗದಲ್ಲಿ ಮೂಡಿತು. ಬೆರೆತಂತೆ ಕಂಡದ್ದು ಬೆರೆತಿರಲಿಲ್ಲ.

ತುಳಿಮಣ್ಣು ಜೋನಿಬೆಲ್ಲಕ್ಕಿಂತ ಎಷ್ಟೋ ಪಾಲು ಮಂದ. ಅದನ್ನು ಸಲಿಕೆಯಿಂದ ಆಚೀಚೆ ಆಡಿಸಿದರೆ ಟೇಲರರ ಬಣ್ಣದ ಗತಿಯೇ. ಒಂದೇ ಜಾಗದಲ್ಲಿ ನಿಂತು ಧಪಧಪ ಕುಟ್ಟಿದರೂ ಅಷ್ಟೇ, ಮಣ್ಣು ಪಕ್ಕಕ್ಕೆ ಸರಿದು ಮತ್ತೆ ಬರುತ್ತದೆ. ನೀರು ಸುರಿದು ತೆಳುವಾಗಿಸಿದರೆ ಸುಳಿ ಏಳುತ್ತದೆ, ಹಾಲಿನಂತೆ ಬೆರೆಯುತ್ತದೆ ಎಂಬುದು ನಿಜ. ಆದರೆ ಆ ದಾರಿಯಲ್ಲಿ ಹೋದರೆ ನನ್ನ ಕಟ್ಟೆಯ ಬಿರುಕು ಕಾದಿರುತ್ತದೆ.

ಚಿರೋಟಿಯ ಪದರ

ಮಂದವಾದದ್ದನ್ನು ಬೆರೆಸಲು ಇರುವ ದಾರಿ ಹಿಗ್ಗಿಸುವುದು, ಮಡಚುವುದು, ಮತ್ತೆ ಹಿಗ್ಗಿಸುವುದು. ಚಿರೋಟಿ ಮಾಡುವಾಗ ಹಾಳೆಗಳಿಗೆ ಸಾಟಿ ಸವರಿ, ಒಂದರ ಮೇಲೊಂದು ಇಟ್ಟು, ಸುತ್ತಿ, ಕೊಯ್ದು ಲಟ್ಟಿಸುತ್ತಾರಲ್ಲ, ಆ ಪದರಗಳ ಲೆಕ್ಕವೇ ಇಲ್ಲೂ.

10 ಸೆಂಟಿಮೀಟರ್ ದಪ್ಪ ಜೇಡಿ ಹಾಸಿ, ಅದರ ಮೇಲೆ ಅಷ್ಟೇ ದಪ್ಪ ಮರಳು ಹಾಸಿದೆವು ಎನ್ನೋಣ. ದಪ್ಪ ಅರ್ಧವಾಗುವವರೆಗೆ ತುಳಿದು ಹರಡಿ, ಆಮೇಲೆ ಮಧ್ಯಕ್ಕೆ ಮಡಚಿದರೆ ಎರಡಿದ್ದ ಪದರ ನಾಲ್ಕಾಯಿತು, ಪ್ರತಿಯೊಂದೂ 5 ಸೆಂಟಿಮೀಟರ್. ಇನ್ನೊಮ್ಮೆ ತುಳಿದು ಮಡಚಿದರೆ ಎಂಟು ಪದರ, ತಲಾ ಎರಡೂವರೆ. ಹತ್ತನೆಯ ಮಡಿಕೆಗೆ ಪದರಗಳ ಸಂಖ್ಯೆ 2,048. ಒಂದೊಂದರ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಪಾಲು. ಮರಳು ಕಾಳೇ ಅದಕ್ಕಿಂತ ದಪ್ಪ. ಕಾಳಿಗಿಂತ ತೆಳುವಾದ ಮರಳಿನ ಪದರ ಇರಲಾರದು, ಆದ್ದರಿಂದ ಅಲ್ಲಿಗೆ ಪದರಗಳು ಮುಗಿದು ಪ್ರತಿ ಕಾಳೂ ಜೇಡಿಯ ನಡುವೆ ಕೂತಿರುತ್ತದೆ.

ಹತ್ತೇ ಮಡಿಕೆ! ಮೊದಲ ಸಲ ಈ ಲೆಕ್ಕ ಹಾಕಿದಾಗ ನಾನು ಪೆನ್ಸಿಲ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಕಾಲು ಅಷ್ಟು ಚೊಕ್ಕವಾಗಿ ಹಿಗ್ಗಿಸದು, ಮಡಿಕೆಯೂ ನೇರ ಬೀಳದು, ಹಾಗಾಗಿ ನಿಜದಲ್ಲಿ ಅದರ ಎರಡು ಮೂರು ಪಟ್ಟು ಬೇಕಾಗುತ್ತದೆ. ಆದರೂ ತುಳಿಯುವವರ ದುಡಿಮೆಯ ಒಳಗುಟ್ಟು ಈ ದುಪ್ಪಟ್ಟಾಗುವ ಲೆಕ್ಕದಲ್ಲಿದೆ. ಮಡಿಕೆ ತಪ್ಪಿಸಿ ನೂರು ಸಲ ತುಳಿಯುವುದಕ್ಕಿಂತ ತುಳಿದು ತುಳಿದು ಇಪ್ಪತ್ತು ಸಲ ಮಗುಚುವುದು ಮೇಲು.

ಡೆವನ್‌ನ ಹಳ್ಳಿಗರು ನೆಲದ ಮೇಲೆ ಮಣ್ಣು ಹರಡಿ, ನೀರು ಚಿಮುಕಿಸಿ, ಎತ್ತುಗಳಿಂದಲೋ ತಮ್ಮ ಕಾಲಿನಿಂದಲೋ ತುಳಿಸಿ, ಕವಲುಗೋಲಿನಿಂದ ಇಡೀ ರಾಶಿಯನ್ನು ಮಗುಚಿ ಹಾಕಿ ಮತ್ತೆ ತುಳಿಸುತ್ತಿದ್ದರು. ನಮ್ಮ ಗುಂಡಿಯ ಮಣ್ಣನ್ನು ಗುದ್ದಲಿಯಿಂದ ಎಳೆದು ತಿರುವಿ ಹಾಕುವುದೂ ಅದೇ ಕೆಲಸ. ಗುಂಡಿಯ ಮೂಲೆಗಳಿಗೆ ಕಾಲು ಹೋಗುವುದಿಲ್ಲ, ಅಲ್ಲಿಯ ಮಣ್ಣು ಬೆರೆಯದೆ ಉಳಿಯುತ್ತದೆ. ಹೀಗಾಗಿ ಗುಂಡಿ ದುಂಡಗಿರುವುದು ಒಳ್ಳೆಯದು. ಅಮೆರಿಕದ ಆರೆಗನ್‌ನಲ್ಲಿ ಇಯಾಂಟೊ ಎವನ್ಸ್ ಮತ್ತು ಲಿಂಡಾ ಸ್ಮೈಲಿ 1989ರ ಹೊತ್ತಿಗೆ ಕಾಬ್ ಮನೆ ಕಟ್ಟತೊಡಗಿದರು. ಅವರ ಬಳಗದಿಂದ ಬಳಕೆಗೆ ಬಂದ ವಿಧಾನ ತಾರ್ಪಾಲಿನದು. ಮೂರು ಬಾಂಡ್ಲಿ ಮಣ್ಣು, ಬೇಕಾದಷ್ಟು ಮರಳನ್ನು ಒಣಗಿರುವಾಗಲೇ ತಾರ್ಪಾಲಿನ ಮೇಲೆ ಹೊರಳಿಸಿ, ನೀರು ಹಾಕಿ ತುಳಿದು, ಹರಡಿದ ಕೂಡಲೇ ಒಂದು ಅಂಚು ಹಿಡಿದು ಎಳೆದರೆ ಮಣ್ಣು ಚಾಪೆಯ ಹಾಗೆ ಮಡಚಿಕೊಳ್ಳುತ್ತದೆ. ಇಬ್ಬರಿದ್ದರೆ ಹದಿನೈದಿಪ್ಪತ್ತು ನಿಮಿಷದ ಕೆಲಸ. ಇಷ್ಟು ಸರಳವಾದ ಸಾಧನ ಮಡಿಕೆಯ ಶ್ರಮವನ್ನು ಇಷ್ಟು ಇಳಿಸಿದ್ದು ನನಗೆ ಬಹಳ ಮೆಚ್ಚಿಗೆ.

ತುಳಿಯುವಾಗ ಹಿಮ್ಮಡಿಯನ್ನು ಊರಿ ತಿರುಚಬೇಕು. ಬರೀ ಒತ್ತಿದರೆ ಮಣ್ಣು ಅದುಮಿಕೊಳ್ಳುತ್ತದೆ ಅಷ್ಟೇ. ತಿರುಚಿದರೆ ಪದರದ ಮೇಲೆ ಪದರ ಜಾರಿ ಹಿಗ್ಗುತ್ತದೆ. ಕಾಂಕ್ರೀಟ್ ಕಲಸುವ ಡ್ರಮ್ಮಿಗೆ ಈ ಮಣ್ಣು ಹಾಕಿದವರು ಉಂಡೆ ಉಂಡೆಯಾಗಿ ಉರುಳುವುದನ್ನು ಕಂಡು ಕೈಬಿಡುವುದೂ ಇದಕ್ಕೇ. ಡ್ರಮ್ಮು ಎತ್ತಿ ಬೀಳಿಸುತ್ತದೆ, ಹಿಗ್ಗಿಸುವುದಿಲ್ಲ. ಟ್ರ್ಯಾಕ್ಟರಿನ ಚಕ್ರ ಹರಿಸಿ, ಜೆಸಿಬಿಯ ಬಕೆಟ್ಟಿನಿಂದ ಮಗುಚಿದರೆ ಚೆನ್ನಾಗಿ ಕಲಸುತ್ತದೆ. ದೊಡ್ಡ ಮನೆಗೆ ಈಗ ಇದೇ ರೂಢಿ.

ಹುಲ್ಲು ಕೊನೆಗೆ

ಹುಲ್ಲನ್ನು ಮೊದಲೇ ಹಾಕಿದರೆ ಅದು ಗಂಟುಗಳನ್ನು ಹಾಗಾಗೇ ಕಟ್ಟಿ ಹಿಡಿಯುತ್ತದೆ, ಮಣ್ಣು ಜಾರಲು ಬಿಡುವುದಿಲ್ಲ. ಮರಳು ಜೇಡಿ ಒಂದಾದ ಮೇಲೆ ಹಿಡಿ ಹಿಡಿಯಾಗಿ ಉದುರಿಸಿ, ನಾಲ್ಕೈದು ಮಡಿಕೆ ತುಳಿದರೆ ಎಲ್ಲ ದಿಕ್ಕಿಗೂ ಹಂಚಿಕೊಳ್ಳುತ್ತದೆ. ತೂಕದಲ್ಲಿ ನೂರಕ್ಕೆ ಒಂದೆರಡು ಪಾಲು ಸಾಕು. ಗೋಡೆ ಕುಗ್ಗುವುದನ್ನು ಹುಲ್ಲು ತಡೆಯಲಾರದು, ಕುಗ್ಗುವಿಕೆಯನ್ನು ಹಂಚುತ್ತದೆ. ಎಲ್ಲೋ ಒಂದು ಕಡೆ ಬಾಯಿ ಬಿಡಬೇಕಿದ್ದ ದೊಡ್ಡ ಬಿರುಕು ಕೂದಲೆಳೆಯಂಥ ನೂರಾರು ಗೆರೆಗಳಾಗಿ ಒಡೆದುಹೋಗುತ್ತದೆ, ಪ್ರತಿ ಗೆರೆಯ ಅಡ್ಡಕ್ಕೂ ಒಂದು ಎಳೆ ಹೊಲಿಗೆ ಹಾಕಿದಂತಿರುತ್ತದೆ.

ಹದ

ಹದ ಬಂದಿದೆ ಎಂದು ಮೊದಲು ತಿಳಿಯುವುದು ಅಂಗಾಲಿಗೆ. ಶುರುವಿನಲ್ಲಿ ಕರಕರ ಎನ್ನುವ ಮರಳು ಆಮೇಲೆ ಸದ್ದು ಬಿಡುತ್ತದೆ. ಕಾಲು ಎತ್ತಿದರೆ ಹಿಂದಕ್ಕೆ ಎಳೆದಂತೆ ಆಗುತ್ತದೆ, ಹೆಜ್ಜೆಯ ಗುರುತು ಮುಚ್ಚಿಕೊಳ್ಳದೆ ಹಾಗೇ ನಿಲ್ಲುತ್ತದೆ. ಒಂದು ಉಂಡೆ ಕಟ್ಟಿ ಸೊಂಟದೆತ್ತರದಿಂದ ಬಿಡಿ. ಸಗಣಿಯಂತೆ ಚಪ್ಪಟೆಯಾದರೆ ನೀರು ಹೆಚ್ಚು, ಪುಡಿಯಾದರೆ ಕಡಿಮೆ, ತುಸು ತಗ್ಗಿ ಉಂಡೆಯಾಗಿಯೇ ಕೂತರೆ ಸರಿ. ಆದರೂ ಇಡೀ ಗೋಡೆಗೆ ಕೈ ಹಾಕುವ ಮುಂಚೆ ಒಂದಕ್ಕೆ ಒಂದು, ಒಂದಕ್ಕೆ ಎರಡು, ಒಂದಕ್ಕೆ ಮೂರು ಎಂದು ಮಣ್ಣಿಗೆ ಮರಳು ಬೆರೆಸಿ ಮೂರು ಇಟ್ಟಿಗೆ ಒಣಗಿಸಿ ನೋಡುವುದನ್ನು ಯಾರೂ ತಪ್ಪಿಸಬಾರದು. ನಿಮ್ಮ ಹಿತ್ತಿಲಿನ ಮಣ್ಣು ನನ್ನ ಹಿತ್ತಿಲಿನದಲ್ಲ.

ಒಂದೊಂದು ವರಸೆಯನ್ನು ಒಂದೂವರೆ ಅಡಿಯಷ್ಟು ಏರಿಸಿ ಕಾಯಬೇಕು, ಇಲ್ಲದಿದ್ದರೆ ತನ್ನ ಭಾರಕ್ಕೆ ತಾನೇ ಉಬ್ಬುತ್ತದೆ. ತಳಕ್ಕೆ ಕಲ್ಲು, ಮೇಲೆ ಚಾಚಿದ ಸೂರು ಇದ್ದರೆ ಮಳೆಯ ಭಯವಿಲ್ಲ. ಇದನ್ನೇ ಡೆವನ್‌ನವರು ಒಳ್ಳೆಯ ಟೋಪಿ, ಒಳ್ಳೆಯ ಬೂಟು ಎನ್ನುತ್ತಾರೆ. ಅಮೂಲ್ಯ ರೆಡ್ಡಿಯವರು 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭಿಸಿದ ಅಸ್ತ್ರ ಬಳಗ, ಮುಂದೆ ಕೆ.ಎಸ್. ಜಗದೀಶ್ ಮೊದಲಾದವರ ಕೈಯಲ್ಲಿ, ಬೇರೆ ದಾರಿ ಹಿಡಿಯಿತು. ತುಸುವೇ ಒದ್ದೆಯಾದ ಮಣ್ಣಿಗೆ ಸ್ವಲ್ಪ ಸಿಮೆಂಟ್ ಸೇರಿಸಿ ಯಂತ್ರದಲ್ಲಿ ಅದುಮಿದ ಇಟ್ಟಿಗೆ ಅದು. ನೀರು ಕಡಿಮೆ ಮಾಡಲು ಕಾಲಿನ ಬದಲು ಒತ್ತಡ. ಅದು ಮಳೆಗೆ ಹೆಚ್ಚು ಗಟ್ಟಿ, ಆದರೆ ಸಿಮೆಂಟ್ ಒಮ್ಮೆ ಕಚ್ಚಿದ ಮೇಲೆ ಮತ್ತೆ ಮಣ್ಣಾಗದು.

ಬಿಚ್ಚುತ್ತಿದ್ದ ಆ ಮನೆಗೆ ಎರಡು ವಾರದ ಮೇಲೆ ಇನ್ನೊಮ್ಮೆ ಹೋಗಿದ್ದೆ. ಗೋಡೆಯ ಹೆಂಟೆಗಳನ್ನೆಲ್ಲ ಅಂಗಳದ ಬಿಸಿಲಿಗೆ ಹರಡಿದ್ದರು. ಹೊಸದಾಗಿ ತೋಡಿದ ಗುಂಡಿಯಲ್ಲಿ ಮೊದಲ ಕಂತು ಮುಳುಗಿತ್ತು, ಮೇಲೆಲ್ಲ ಗುಳ್ಳೆ. “ಒಳ್ಳೆ ಮಣ್ಣು, ಒಂದ್ಸಲ ತುಳಿದದ್ದು. ಈ ಸಲ ಬೇಗ ಹದ ಬರ್ತದೆ,” ಎಂದರು ಗುಂಡಿಯ ಪಕ್ಕ ನಿಂತಿದ್ದ ಹಿರಿಯರು. ಆಮೇಲೆ ಪಂಚೆ ಮೇಲಕ್ಕೆ ಕಟ್ಟಿ ಒಳಗಿಳಿದರು.